ಗ್ರಂಥಸ್ವಾಮ್ಯದ ಅವಧಿ

ಗ್ರಂಥಕರ್ತನು ಗತಿಸಿದ ತರುವಾಯ ಆತನ ಕೃತಿಗಳ ಹಕ್ಕು ಎಷ್ಟು ಕಾಲ ವಾರಸುದಾರರಿಗೆ ಸಲ್ಲತಕ್ಕದ್ದು? ಬ್ರಿಟಿಷರ ಕಾಲದಿಂದ ನಡೆದುಬಂದಿದ್ದ 50 ವರ್ಷಗಳ ಅವಧಿಯನ್ನು 1955ರ ಮಸೂದೆಯು 25ಕ್ಕೆ ಇಳಿಸಹೊರಟಿತು. ಸಂಸತ್ತಿನ ಜಂಟಿ ಸಮಿತಿಯು ಇದನ್ನೊಪ್ಪದೆ ಹೋದುದರಿಂದ 1957ರ ಅಧಿನಿಯಮದಲ್ಲಿ 50 ವರ್ಷಗಳೇ ಉಳಿದವು. 1992ರ ತಿದ್ದುಪಡಿಯು ಅದನ್ನು 60ಕ್ಕೇರಿಸಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುತ್ತಿದ್ದುದೇ ಇದಕ್ಕೆ ನಿಮಿತ್ತ.

ವ್ಯತ್ಯಾಸವು ಅಲ್ಪವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕುವೆಂಪು ಅವರು 1994ರಲ್ಲಿ ನಿಧನರಾದರು. ಅಧಿನಿಯಮವು ಮರಣದ ಮರುವರ್ಷದ ಆದಿಯಿಂದ ಗಣಿಸುವ ಕಾರಣ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಸ್ವಾಮ್ಯವು 2054ರ ಅಂತ್ಯದವರೆಗೆ ಇರುವುದು. 25 ವರ್ಷಗಳ ಲೆಕ್ಕವೇ ನಿಂತಿದ್ದರೆ 2019ಕ್ಕೆ ತೀರುತ್ತಿತ್ತು.

ಆದರೆ ಲೇಖಕನಿಗೆ ನಿಜವಾದ ನಷ್ಟವು ಬಹುಮಟ್ಟಿಗೆ ಬದುಕಿರುವಾಗಲೇ, ಒಪ್ಪಂದಪತ್ರದಲ್ಲಿ, ಆಗುತ್ತದೆಂದು ನನ್ನ ಅಭಿಪ್ರಾಯ. ಅವಧಿಯನ್ನು ನಮೂದಿಸದ ಹಕ್ಕುಪತ್ರವು 5 ವರ್ಷಗಳಿಗೆ ಮಾತ್ರ ಸಲ್ಲುವುದೆಂದು 1994ರ ತಿದ್ದುಪಡಿಯು ವಿಧಿಸಿದೆ.