ವಯಸ್ಕರಿಗೆ ಇಂಗ್ಲಿಷ್ ಉಚ್ಚಾರಣೆಯ ಸುಧಾರಣೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿರುತ್ತದೆ. ರಾಜ್ಯ ಸರ್ಕಾರದ ಕಛೇರಿಗಳಲ್ಲಿ ಸಾರ್ವಜನಿಕರು ಕನ್ನಡದಲ್ಲಿಯೇ ವ್ಯವಹರಿಸಬಹುದಾಗಿದ್ದು, ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. ಆದಾಗ್ಯೂ ಉದ್ಯೋಗದ ಸಂದರ್ಶನ, ಹೊರರಾಜ್ಯದ ವ್ಯವಹಾರ, ಖಾಸಗಿ ಸಂಸ್ಥೆಗಳ ಸಹಾಯವಾಣಿ ಮುಂತಾದ ಕಡೆಗಳಲ್ಲಿ ಇಂಗ್ಲಿಷಿನಲ್ಲಿ ಮಾತನಾಡಬೇಕಾದ ಪ್ರಸಂಗಗಳು ಬರುತ್ತವೆ. ಅಲ್ಲಿ ಹೆಸರಿನ ಒಂದು ಅಕ್ಷರವು ಬೇರೆಯಾಗಿ ಕೇಳಿಸಿದರೂ ದಾಖಲೆಯಲ್ಲಿ ತಪ್ಪು ನಮೂದಾಗಿ, ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ. ಇದನ್ನು ತಪ್ಪಿಸಿಕೊಳ್ಳಲು ವಯಸ್ಕ ಕಲಿಕಾರ್ಥಿಗಳಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

2. ಕಲಿಕೆಯ ಗುರಿ

ಲಂಡನ್ ಅಥವಾ ಅಮೆರಿಕದವರಂತೆ ಮಾತನಾಡುವುದು ಗುರಿಯಲ್ಲ. ಕೇಳುವವರಿಗೆ ಮೊದಲ ಸಲವೇ ಅರ್ಥವಾಗುವಂತೆ ಮಾತನಾಡುವುದೇ ಗುರಿ. ಕನ್ನಡಿಗರು ಇಂಗ್ಲಿಷಿನ ಪದಗಳಲ್ಲಿ ಕನ್ನಡದ ಟ, ಡ ಧ್ವನಿಗಳನ್ನು ಬಳಸುವುದರಿಂದ ಸಾಮಾನ್ಯವಾಗಿ ಅರ್ಥಕ್ಕೆ ತೊಡಕಾಗುವುದಿಲ್ಲ. ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಅರ್ಥವನ್ನೇ ಬದಲಿಸುವ ಕೆಲವೇ ಅಂಶಗಳಿಗೆ ಆದ್ಯತೆ ನೀಡತಕ್ಕದ್ದು.

3. ಮೊದಲು ಗಮನಿಸಬೇಕಾದ ಧ್ವನಿಗಳು

(ಅ) ಪ ಮತ್ತು ಫ಼: ಫಲ ಎಂಬಲ್ಲಿನ ಕನ್ನಡದ ಫ ಅಕ್ಷರವನ್ನು ಎರಡೂ ತುಟಿಗಳನ್ನು ಸೇರಿಸಿ ಉಚ್ಚರಿಸಲಾಗುತ್ತದೆ. ಇಂಗ್ಲಿಷಿನ ಫ಼ ಧ್ವನಿಗೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ ಉಸಿರು ಹೊರಬರಬೇಕು. ಈ ವ್ಯತ್ಯಾಸ ತಪ್ಪಿದಲ್ಲಿ ಕಾಫ಼ಿ ಕೇಳಿದವರು ಕಾಪಿ, ಅಂದರೆ ನಕಲು, ಕೇಳಿದಂತಾಗುತ್ತದೆ.

(ಆ) ಸ, ಶ, ಜ಼: ಸೀಟ್ ಎಂದರೆ ಆಸನ, ಶೀಟ್ ಎಂದರೆ ಹಾಳೆ. ಪ್ರೈಸ್ ಎಂದರೆ ಬೆಲೆ, ಪ್ರೈಜ಼್ ಎಂದರೆ ಬಹುಮಾನ. ಗಂಟಲಿನ ಮೇಲೆ ಬೆರಳಿಟ್ಟು ಸ ಧ್ವನಿಯನ್ನು ಎಳೆದು ಹೇಳಿದರೆ ಕಂಪನವಿರುವುದಿಲ್ಲ. ನಾಲಿಗೆಯನ್ನು ಅಲ್ಲಿಯೇ ಇಟ್ಟು ಕಂಪನ ಸೇರಿಸಿದರೆ ಜ಼ ಆಗುತ್ತದೆ.

(ಇ) ವಿ ಮತ್ತು ಡಬ್ಲ್ಯೂ: ಇವೆರಡನ್ನೂ ಕನ್ನಡದಲ್ಲಿ ವ ಎಂದೇ ಬರೆಯುತ್ತೇವೆ. ವಿ ಅಕ್ಷರದ ಧ್ವನಿಗೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಡಬ್ಲ್ಯೂ ಅಕ್ಷರದ ಧ್ವನಿಗೆ ತುಟಿಗಳು ದುಂಡಾಗಬೇಕು, ಹಲ್ಲು ತಾಗಬಾರದು.

(ಈ) ಪದಾರಂಭದ ಎ ಮತ್ತು ಒ: ಆಡುಮಾತಿನಲ್ಲಿ ಎಲೆ ಎಂಬುದು ಯೆಲೆ ಎಂದೂ, ಒಂದು ಎಂಬುದು ವೊಂದು ಎಂದೂ ಕೇಳಿಸುತ್ತದೆ. ಯಂ.ಜಿ. ರಸ್ತೆ ಎಂದು ಬರೆದ ಫಲಕಗಳೂ ಇದೇ ಅಭ್ಯಾಸದ ಗುರುತು. ಕನ್ನಡದಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ದೂರವಾಣಿಯಲ್ಲಿ ಎಸ್ ಎಂಬ ಅಕ್ಷರವನ್ನು ಯೆಸ್ ಎಂದರೆ ಕೇಳುವವರು ಅದನ್ನು ಹೌದು ಎಂಬ ಉತ್ತರವೆಂದು ತಿಳಿಯಬಹುದು.

(ಉ) ಪದಾಂತ್ಯದ ಉ: ಬಸ್ಸು, ಬ್ಯಾಂಕು, ಚೆಕ್ಕು ಎಂಬ ರೂಪಗಳು ಕನ್ನಡದಲ್ಲಿ ಸರಿಯಾಗಿವೆ. ಇಂಗ್ಲಿಷ್ ವಾಕ್ಯದಲ್ಲಿ ಅವುಗಳನ್ನು ವ್ಯಂಜನದಲ್ಲಿಯೇ ನಿಲ್ಲಿಸತಕ್ಕದ್ದು.

(ಊ) ಪದಾರಂಭದ ಕ, ಪ, ಟ: ಇಂಗ್ಲಿಷ್ ಮಾತೃಭಾಷೆಯವರು ಒತ್ತುಳ್ಳ ಕಡೆ ಈ ಧ್ವನಿಗಳನ್ನು ಲಘುವಾದ ಮಹಾಪ್ರಾಣದೊಂದಿಗೆ ಉಚ್ಚರಿಸುತ್ತಾರೆ. ಉಸಿರಿಲ್ಲದೆ ಕೋಟ್ ಎಂದರೆ ಅವರಿಗೆ ಗೋಟ್, ಅಂದರೆ ಆಡು, ಎಂದು ಕೇಳಿಸಬಹುದು. ಮಹಾಪ್ರಾಣವು ನಮ್ಮ ವರ್ಣಮಾಲೆಯಲ್ಲಿಯೇ ಇರುವುದರಿಂದ ಕನ್ನಡಿಗರಿಗೆ ಇದು ಕಷ್ಟವಾಗದು.

4. ಪದದೊಳಗಿನ ಒತ್ತು

ಕನ್ನಡದಲ್ಲಿ ಪದದ ಯಾವ ಭಾಗವನ್ನು ಬಲವಾಗಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತಿನ ಸ್ಥಾನ ಬಹಳ ಮುಖ್ಯ. ಭಾರತೀಯರ ಇಂಗ್ಲಿಷ್ ಇತರರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂಬ ಬಗ್ಗೆ ಆರ್.ಕೆ. ಬನ್ಸಾಲ್ ಅವರು ನಡೆಸಿದ ಅಧ್ಯಯನವು 1969ರಲ್ಲಿ ಹೈದರಾಬಾದಿನಲ್ಲಿ ಪ್ರಕಟವಾಯಿತು. ಅರ್ಥವಾಗದಿರುವುದಕ್ಕೆ ಒತ್ತು ತಪ್ಪುವುದು ಪ್ರಮುಖ ಕಾರಣಗಳಲ್ಲೊಂದೆಂದು ಅದು ತೋರಿಸಿತು.

ಉದಾಹರಣೆಗೆ, ಅರ್ಜಿದಾರ ಎಂಬ ಅರ್ಥದ ಆ್ಯಪ್ಲಿಕಂಟ್ ಪದದಲ್ಲಿ ಒತ್ತು ಮೊದಲನೆಯ ಉಚ್ಚಾರಾಂಶದ ಮೇಲೆ, ಅಪ್ಲೈ ಪದದಲ್ಲಿ ಎರಡನೆಯದರ ಮೇಲೆ, ಆ್ಯಪ್ಲಿಕೇಷನ್ ಪದದಲ್ಲಿ ಮೂರನೆಯದರ ಮೇಲೆ ಬೀಳುತ್ತದೆ. ಸರ್ಟಿಫಿಕೇಟ್, ಡಿಪಾಸಿಟ್, ಡೆವಲಪ್‌ಮೆಂಟ್, ಕಮಿಟಿ ಪದಗಳಲ್ಲಿ ಎರಡನೆಯ ಉಚ್ಚಾರಾಂಶಕ್ಕೆ ಒತ್ತು ಇರುತ್ತದೆ. ರೆಕಾರ್ಡ್ ಪದಕ್ಕೆ ದಾಖಲೆ ಎಂಬ ಅರ್ಥವಿದ್ದಾಗ ಒತ್ತು ಮೊದಲಿಗೆ, ದಾಖಲಿಸು ಎಂಬ ಅರ್ಥವಿದ್ದಾಗ ಕೊನೆಗೆ.

5. ಬರಹದಂತೆ ಓದದಿರುವುದು

ಕನ್ನಡವನ್ನು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರಗಳಿದ್ದು, ಬ್ರಿಟನ್ನಿನ ಮಾನಕ ಉಚ್ಚಾರಣೆಯಲ್ಲಿ ಸುಮಾರು 44 ಧ್ವನಿಗಳಿವೆ. ಆದ್ದರಿಂದ ಬರಹವನ್ನು ಮಾತ್ರ ನಂಬುವಂತಿಲ್ಲ. ದಿನನಿತ್ಯದ ಹಣಕಾಸಿನ ಪದಗಳಲ್ಲಿಯೇ ಇದಕ್ಕೆ ನಿದರ್ಶನಗಳಿವೆ: ರಶೀದಿ ಎಂಬ ಅರ್ಥದ ರಿಸೀಟ್ ಪದದಲ್ಲಿ ಪಿ, ಸಾಲ ಎಂಬ ಅರ್ಥದ ಡೆಟ್ ಪದದಲ್ಲಿ ಬಿ, ಅಡಮಾನ ಎಂಬ ಅರ್ಥದ ಮಾರ್ಗೇಜ್ ಪದದಲ್ಲಿ ಟಿ ಬರಹದಲ್ಲಿದ್ದರೂ ಉಚ್ಚಾರದಲ್ಲಿಲ್ಲ.

6. ದೂರವಾಣಿಯಲ್ಲಿ ಹೆಸರು ಮತ್ತು ಸಂಖ್ಯೆ

ಬಿ, ಡಿ, ಪಿ, ಟಿ ಹಾಗೂ ಎಂ, ಎನ್ ಅಕ್ಷರಗಳು ದೂರವಾಣಿಯಲ್ಲಿ ಒಂದೇ ರೀತಿ ಕೇಳಿಸುತ್ತವೆ. ವಿಮಾನಯಾನದಲ್ಲಿಯೂ ಇದೇ ತೊಂದರೆಯ ನಿವಾರಣೆಗೆ ಆಲ್ಫಾ, ಬ್ರಾವೋ, ಚಾರ್ಲಿ ಎಂಬ ಸಂಕೇತ ಪದಗಳ ಪಟ್ಟಿಯು 1956ರಿಂದ ಜಾರಿಯಲ್ಲಿದೆ. ಸಾರ್ವಜನಿಕರು ಪರಿಚಿತ ಊರುಗಳ ಹೆಸರನ್ನು ಬಳಸಬಹುದು: ಬಿ ಫಾರ್ ಬೆಂಗಳೂರು, ಡಿ ಫಾರ್ ಡೆಲ್ಲಿ, ಎಂ ಫಾರ್ ಮೈಸೂರು, ಎನ್ ಫಾರ್ ನಾಗಪುರ, ಟಿ ಫಾರ್ ತುಮಕೂರು.

ಲತಾ ಎಂಬ ಹೆಸರನ್ನು ಕೆಲವರು ಟಿ ಅಕ್ಷರದಿಂದಲೂ, ಕೆಲವರು ಟಿ ಮತ್ತು ಎಚ್ ಅಕ್ಷರಗಳಿಂದಲೂ ಬರೆಯುತ್ತಾರೆ. ಆದುದರಿಂದ ಹೆಸರನ್ನು ಉಚ್ಚರಿಸಿದರೆ ಸಾಲದು. ತಮ್ಮ ದಾಖಲೆಯಲ್ಲಿರುವಂತೆ ಅಕ್ಷರಶಃ ಹೇಳತಕ್ಕದ್ದು. ಥರ್ಟೀನ್ ಮತ್ತು ಥರ್ಟಿ, ಫಿಫ್ಟೀನ್ ಮತ್ತು ಫಿಫ್ಟಿ ಬೆರೆಯದಂತೆ ವನ್ ತ್ರೀ, ತ್ರೀ ಜ಼ೀರೋ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದು ಸೂಕ್ತ. ಕೊನೆಯಲ್ಲಿ ಎದುರಿನವರು ಬರೆದುಕೊಂಡದ್ದನ್ನು ಮರಳಿ ಓದುವಂತೆ ಕೋರತಕ್ಕದ್ದು.

7. ಅಭ್ಯಾಸದ ಕ್ರಮ

ಪ್ರತಿದಿನ ಸುಮಾರು 15 ನಿಮಿಷಗಳನ್ನು ಮೀಸಲಿಟ್ಟು ಕೆಳಕಂಡಂತೆ ಅಭ್ಯಾಸ ಮಾಡಬಹುದು.

• ಒಂದು ವಾರಕ್ಕೆ ಒಂದೇ ಧ್ವನಿ ಅಥವಾ ಒಂದೇ ಬಗೆಯ ಒತ್ತನ್ನು ಆರಿಸಿಕೊಳ್ಳುವುದು.
• ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಅಂತರಜಾಲ ನಿಘಂಟುಗಳಲ್ಲಿ ಪದದ ಧ್ವನಿಯನ್ನು ಉಚಿತವಾಗಿ ಕೇಳುವುದು.
• ಸೀಟ್ ಮತ್ತು ಶೀಟ್ ಮುಂತಾದ ಜೋಡಿಪದಗಳನ್ನು ಮೊದಲು ಕಿವಿಯಿಂದ ಗುರುತಿಸಿ, ಅನಂತರ ಉಚ್ಚರಿಸುವುದು.
• ತಮ್ಮ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ನಿಘಂಟಿನ ಧ್ವನಿಯೊಂದಿಗೆ ಹೋಲಿಸುವುದು.
• ತಮ್ಮ ಹೆಸರು, ವಿಳಾಸ, ವಿದ್ಯಾರ್ಹತೆ, ಉದ್ಯೋಗಗಳನ್ನು ತಿಳಿಸುವ ಐದಾರು ವಾಕ್ಯಗಳನ್ನು ಸಿದ್ಧಪಡಿಸಿ ಗಟ್ಟಿಯಾಗಿ ಹೇಳುವುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಯಸ್ಸಾದ ಮೇಲೆ ಉಚ್ಚಾರಣೆ ಸುಧಾರಿಸಲು ಸಾಧ್ಯವೇ?
ಉತ್ತರ: ಸಾಧ್ಯ. ವಯಸ್ಕರ ಕಿವಿಯು ಮಾತೃಭಾಷೆಗೆ ಒಗ್ಗಿರುವುದರಿಂದ ಹೊಸ ಧ್ವನಿಯು ಮೊದಲು ಹಳೆಯ ಧ್ವನಿಯಂತೆಯೇ ಕೇಳಿಸುತ್ತದೆ. ಆದರೆ ಜಪಾನೀ ವಯಸ್ಕರಿಗೆ ಇಂಗ್ಲಿಷಿನ ರ ಮತ್ತು ಲ ಧ್ವನಿಗಳನ್ನು ಹಲವರ ಕಂಠದಲ್ಲಿ ಕೇಳಿಸಿ ತರಬೇತಿ ನೀಡಿದಾಗ ಅವರ ಗ್ರಹಿಕೆ ಸುಧಾರಿಸಿದ್ದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಆದ್ದರಿಂದ ಒಬ್ಬರದಲ್ಲ, ಹಲವರ ಮಾತನ್ನು ಕೇಳುವುದು ಒಳಿತು.

ಪ್ರಶ್ನೆ: ವೇಗವಾಗಿ ಮಾತನಾಡಿದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ತಿಳಿಯುವರೇ?
ಉತ್ತರ: ಇಲ್ಲ. ವೇಗದಲ್ಲಿ ಪದಾಂತ್ಯದ ಧ್ವನಿಗಳು ಅಳಿಸಿಹೋಗುತ್ತವೆ. ನಿಧಾನವಾಗಿ, ಅರ್ಥಕ್ಕೆ ತಕ್ಕಂತೆ ನಿಲ್ಲಿಸಿ ಮಾತನಾಡತಕ್ಕದ್ದು.

ಪ್ರಶ್ನೆ: ಎಚ್ ಮತ್ತು ಹೆಚ್ ಇವುಗಳಲ್ಲಿ ಯಾವುದು ಸರಿ?
ಉತ್ತರ: ನಿಘಂಟುಗಳು ನೀಡುವ ಮಾನಕ ರೂಪ ಎಚ್. ಹೆಚ್ ಎಂದರೂ ಅರ್ಥವಾಗುತ್ತದೆ.

ಸೂಚನೆ: ಎದುರಿನವರ ಮಾತು ಅರ್ಥವಾಗದಿದ್ದಲ್ಲಿ ಮತ್ತೊಮ್ಮೆ ಹೇಳುವಂತೆ ಕೇಳುವುದು ಅಗೌರವವಲ್ಲ. ಅರ್ಥವಾಗದ ಪ್ರಶ್ನೆಗೆ ಯೆಸ್ ಎಂದು ಉತ್ತರಿಸಿ ಒಪ್ಪಿಗೆ ನೀಡಿದಂತಾಗದಿರಲಿ ಎಂದು ಸಾರ್ವಜನಿಕರಲ್ಲಿ ಕೋರಲಾಗಿದೆ.