ದಮ್ಮು ಇರುವವರಿಗೆ ಪುಷ್ಟಿಪುಡಿ ಬೇಕೆ?

ರೇಷ್ಮೆ, ಹಾಲು, ಚಿನ್ನಕ್ಕೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ದೂಳು, ಹೊಗೆಗಳಿಗೂ ಕೊರತೆಯಿಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಲ್ಲಿ ದುಡಿದ ಅನೇಕರಿಗೆ ಸಿಲಿಕಾ ದೂಳಿನಿಂದ ಸಿಲಿಕೋಸಿಸ್ ಬಂದಿತ್ತು. ಮಾಲೂರಿನ ಇಟ್ಟಿಗೆ ಗೂಡುಗಳ ದೂಳು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಮನೆಗಳ ಸೌದೆ ಒಲೆಯ ಹೊಗೆ, ಎಲ್ಲೆಡೆಯ ಬೀಡಿ - ಇವು ವರ್ಷಗಟ್ಟಲೆ ಒಳಸೇರಿದರೆ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಇದರಲ್ಲಿ ಶ್ವಾಸನಾಳಗಳು ಕಿರಿದಾಗುತ್ತವೆ, ಗಾಳಿಗೂಡುಗಳು ಹಾಳಾಗುತ್ತವೆ.

ಇಂತಹ ರೋಗಿಗಳಲ್ಲಿ ಹಲವರು ಸೊರಗುತ್ತಾರೆ. ಏಕೆ ಗೊತ್ತೆ? ಉಸಿರಾಟಕ್ಕೇ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಹೊಟ್ಟೆ ತುಂಬ ಉಂಡರೆ ಏದುಸಿರು ಬರುವುದರಿಂದ ಊಟವೂ ಕಡಿಮೆಯಾಗುತ್ತದೆ. ದಮ್ಮಿಗೆ ಹೆದರಿ ನಡೆಯುವುದನ್ನು ಬಿಟ್ಟಾಗ ತೊಡೆಯ ಸ್ನಾಯುಗಳು ಕ್ಷೀಣಿಸಿ, ನಾಲ್ಕು ಹೆಜ್ಜೆಗೇ ಸುಸ್ತಾಗುತ್ತದೆ.

ಹಾಗಾದರೆ ಡಬ್ಬಿಯಲ್ಲಿ ಸಿಗುವ ಪುಡಿಗಳು ಉಪಯುಕ್ತವೆ? ಇದನ್ನು ಅಳೆಯಲು ವೈದ್ಯರು ಬಳಸುವುದು ಆರು ನಿಮಿಷಗಳ ನಡಿಗೆ ಪರೀಕ್ಷೆ. ಅಷ್ಟು ಹೊತ್ತಿನಲ್ಲಿ ಕ್ರಮಿಸುವ ದೂರ ಸುಮಾರು 30 ಮೀಟರು ಹೆಚ್ಚಿದರೆ ರೋಗಿಗೆ ವ್ಯತ್ಯಾಸ ತಿಳಿಯುತ್ತದೆ. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2012ರ ಕಾಕ್ರೇನ್ ವರದಿಯ ಪ್ರಕಾರ, ಪೂರಕ ಆಹಾರದಿಂದ ತೂಕ ಹೆಚ್ಚಿತು, ನಡಿಗೆಯೂ ಸುಧಾರಿಸಿತು. ಲಾಭ ಎದ್ದು ಕಂಡದ್ದು ಅಪೌಷ್ಟಿಕತೆ ಇದ್ದವರಲ್ಲಿ ಎಂಬುದನ್ನು ಗಮನಿಸಿ. ವ್ಯಾಯಾಮದ ಜೊತೆಗೆ ಕೊಟ್ಟ ಕ್ರಿಯಾಟಿನ್ ಪುಡಿಯಿಂದಂತೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಪೂರಕವೆಂದರೆ ಡಬ್ಬಿಯೇ ಆಗಬೇಕಿಲ್ಲ. ದೀರ್ಘಕಾಲದ ಕಾಯಿಲೆಯಿರುವ ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂದು ತಜ್ಞರ ಸಲಹೆ. 45 ಕಿಲೋ ತೂಕದವರಿಗೆ ಕನಿಷ್ಠ 54 ಗ್ರಾಂ ಆಯಿತು. ಲೆಕ್ಕ ಹಾಕಿ ನೋಡಿ: 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 14 ಗ್ರಾಂ, 50 ಗ್ರಾಂ ಒಣ ಅವರೆಕಾಳಿನಲ್ಲಿ 12, ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲಿನಲ್ಲಿ 12, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 6. ಒಟ್ಟು 56 ಗ್ರಾಂ! ಇದನ್ನು ಒಂದೇ ಸಲಕ್ಕೆ ಉಣ್ಣದೆ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಸೇವಿಸಿದರೆ ದಮ್ಮು ಕಟ್ಟದು. ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು.

ಆಹಾರ ಸ್ನಾಯುವಿಗೆ ಸಾಮಗ್ರಿ ಒದಗಿಸುತ್ತದೆ. ಅದನ್ನು ಬಲವಾಗಿಸುವುದು ಕೆಲಸ. ವೈದ್ಯರ ಸಲಹೆ ಪಡೆದು ನಿಧಾನವಾಗಿ ನಡೆಯಿರಿ, ಏದುಸಿರು ಬಂದಾಗ ನಿಲ್ಲಿ, ಸುಧಾರಿಸಿಕೊಂಡು ಮತ್ತೆ ನಡೆಯಿರಿ. ಪುಡಿಗೆಂದು ಸಾಲ ಮಾಡಿ, ಇನ್‌ಹೇಲರ್ ನಿಲ್ಲಿಸುವುದು ಅಪಾಯಕರ. ಬೀಡಿ ಬಿಡದೆ, ಒಲೆಯ ಹೊಗೆಗೆ ದಾರಿ ಮಾಡದೆ ಎಷ್ಟು ಪುಷ್ಟಿ ತುಂಬಿದರೂ ಅದು ತೂತು ಕೊಡಕ್ಕೆ ನೀರು ಹೊಯ್ದಂತೆ.