ಶ್ರೀಗಂಧದ ಚೇಗಿನಿಂದ ಇಳಿದ ಎಣ್ಣೆ

ಗಿಡಮರಗಳ ಹೂವು, ಎಲೆ, ತೊಗಟೆ, ಬೇರುಗಳಲ್ಲಿ ಅಡಗಿದ್ದು, ಗಾಳಿ ಸೋಕಿದೊಡನೆ ಆವಿಯಾಗತೊಡಗುವ ಪರಿಮಳದ್ರವ್ಯವನ್ನು ಸಾರತೈಲ ಎನ್ನುತ್ತಾರೆ. ಹೆಸರಿನಲ್ಲಿ ತೈಲವಿದ್ದರೂ ಅದು ಶೇಂಗಾ ಎಣ್ಣೆಯಂತೆ ಜಿಡ್ಡಿನ ಪದಾರ್ಥವಲ್ಲ. ಕನ್ನಡ ನಾಡಿನಲ್ಲಿ ಇದಕ್ಕೆ ಶ್ರೀಗಂಧದೆಣ್ಣೆಗಿಂತ ದೊಡ್ಡ ನಿದರ್ಶನವಿಲ್ಲ. ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ಮಾರುಕಟ್ಟೆ ಮುಚ್ಚಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸರ್ಕಾರವೇ ಎಣ್ಣೆ ತೆಗೆಯಲು ತೊಡಗಿತು. ಯುದ್ಧದಿಂದಾದ ಒಳಿತುಗಳು ವಿರಳ, ಇದು ಅವುಗಳಲ್ಲೊಂದು.

ಗಂಧದ ಮರದ ಕಾಂಡ ಮತ್ತು ಬೇರಿನ ಒಳಗಿನ ಗಟ್ಟಿ ಭಾಗವಾದ ಚೇಗನ್ನು ಪುಡಿಮಾಡಿ ಅದರ ಮೂಲಕ ಹಬೆ ಹಾಯಿಸಿದಾಗ, ತೈಲವು ಹಬೆಯೊಡನೆ ಮೇಲೇರಿ, ತಣ್ಣೀರು ಸುತ್ತುವರಿದ ಕೊಳವೆಯಲ್ಲಿ ಮತ್ತೆ ದ್ರವವಾಗಿ, ನೀರಿನ ಮೇಲೆ ನಸುಹಳದಿ ಪದರವಾಗಿ ತೇಲುತ್ತದೆ. ಇದರ ಕಂಪಿಗೆ ಮೂಲವಾದ ಸ್ಯಾಂಟಲಾಲ್ ಎಂಬ ರಾಸಾಯನಿಕವು ಬಹು ನಿಧಾನವಾಗಿ ಆವಿಯಾಗುವುದರಿಂದ, ಬೇಗ ಹಾರಿಹೋಗುವ ಗುಲಾಬಿ, ಮಲ್ಲಿಗೆಯ ಪರಿಮಳವನ್ನು ಹಿಡಿದಿಡಲು ಅತ್ತರು ತಯಾರಕರು ಗಂಧದೆಣ್ಣೆಯನ್ನೇ ಆಧಾರವಾಗಿ ಬಳಸುತ್ತ ಬಂದಿದ್ದಾರೆ.

ಸಾರತೈಲಗಳ ಬಳಕೆ ಕಂಪಿಗಷ್ಟೇ ಸೀಮಿತವಲ್ಲ. ರುಚಿಯ ಕ್ಷೇತ್ರದಲ್ಲಿ ಏಲಕ್ಕಿ, ಶುಂಠಿಗಳ ತೈಲ ಬಿಸ್ಕತ್ತಿಗೂ ಪಾನೀಯಕ್ಕೂ ಸೇರುತ್ತದೆ. ಇನ್ನು, ಫ್ರೆಂಚ್ ರಸಾಯನಶಾಸ್ತ್ರಜ್ಞ ಗಟ್ಟೆಫೋಸೆ ಹೆಸರಿಟ್ಟ ಅರೋಮಾಥೆರಪಿ, ಅಂದರೆ ಸಾರತೈಲವನ್ನು ಮೂಸಿ ಅಥವಾ ಮೈಗೆ ತಿಕ್ಕಿ ಉಪಶಮನ ಪಡೆಯುವ ಪದ್ಧತಿ, ಮನಸ್ಸಿಗೆ ಹಿತ ನೀಡಬಹುದಾದರೂ ರೋಗಕ್ಕೆ ಮದ್ದೆಂಬ ಮಾತಿಗೆ ಆಧಾರ ಸಾಲದು. ಸಾರತೈಲವನ್ನು ಕೊಬ್ಬರಿ ಎಣ್ಣೆಯಂಥದರಲ್ಲಿ ಬೆರೆಸದೆ ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.